ಕಾತ್ಯಾಯನಿ ಕುಂಗ್ ಫೂ ಕಲಿತದ್ದು

ಕಾತ್ಯಾಯನಿ ಕುಂಗ್ ಫೂ ಕಲಿಯಲು ಸೇರಿದ್ದು ಸಿಟ್ಟಿನ ಭರದಲ್ಲಿ. ಆಗ ಅವಳಿಗೆ ಮೂವತ್ತೆಂಟು ವರ್ಷ.

ಅಣ್ಣ ವಿದ್ಯಾಧೀಶನ ಮಗಳು ಗ್ರೀಷ್ಮಾಳ ಶಾಲೆಯಲ್ಲಿ ಏನಾದರೊಂದು ಆಟ ಕಲಿಯುವುದು ಕಡ್ಡಾಯವಾಗಿತ್ತು. ಹುಡುಗಿ ಕುಂಗ್ ಫೂ ಎಂದು ಹಟ ಹಿಡಿದಳು. ವಾರಕ್ಕೆ ಮೂರು ಸಂಜೆ ಅವಳನ್ನು ಹನುಮಾನ್ ಘಾಟಿನ ಮನೆಯಿಂದ ಅಸ್ಸಿ ಘಾಟಿಗೆ ಕರೆದೊಯ್ಯುವುದು, ಹಳೆಯ ಕಟ್ಟಡವೊಂದರ ತಾರಸಿಯ ಮೇಲೆ ತರಗತಿ ಮುಗಿಯುವ ತನಕ ಗೋಡೆಗೊರಗಿ ಕೂತಿರುವುದು, ಮತ್ತೆ ಕರೆತರುವುದು ಕಾತ್ಯಾಯನಿಯ ಪಾಲಿಗೆ ಬಂತು. ಆ ಮನೆಯಲ್ಲಿ ಯಾರಿಗೂ ಬೇಡವಾದ ಕೆಲಸಗಳೆಲ್ಲ ಅವಳ ಪಾಲಿಗೇ ಬರುತ್ತಿದ್ದವು.

ಒಂದು ಸಂಜೆ ಮಕ್ಕಳೆಲ್ಲ ಕಾಲಗಲಿಸಿ, ಕುದುರೆಯ ಮೇಲೆ ಕೂತವರಂತೆ ಮಂಡಿ ಬಗ್ಗಿಸಿ ನಿಂತಿದ್ದರು. ಗ್ರೀಷ್ಮಾ ಮತ್ತೆ ಮತ್ತೆ ಮೇಲೇಳುತ್ತಿದ್ದಳು. ಕಾತ್ಯಾಯನಿ ಕೂತಲ್ಲಿಂದಲೇ, "ಸರಿಯಾಗಿ ಬಗ್ಗು ಗ್ರೀಷ್ಮಾ!" ಎಂದಳು.

ಕಲಿಸುವ ಗುರುಪ್ರಕಾಶ ತಿರುಗಿ ನೋಡಿದ. ಅವನು ಅಸ್ಸಿಯ ದೋಣಿ ನಡೆಸುವವರ ಮನೆಯವನು. ಹುಡುಗನಾಗಿದ್ದಾಗ ಕಲ್ಕತ್ತೆಯ ಚರ್ಮದ ಕಾರ್ಖಾನೆಯಲ್ಲಿ ಕೂಲಿಗೆ ಹೋಗಿ, ಅಲ್ಲಿನ ಮುದುಕ ಚೀನೀ ಮೇಸ್ತ್ರಿಯಿಂದ ಹನ್ನೆರಡು ವರ್ಷ ಈ ವಿದ್ಯೆ ಕಲಿತು ಬಂದವನು. ಮಾತು ಒರಟು.

"ಬೆಹನ್‌ಜಿ, ಗೋಡೆಗೆ ಒರಗಿಕೊಂಡು ಹೇಳೋದು ಬಹಳ ಸುಲಭ," ಎಂದ ಹಿಂದಿಯಲ್ಲಿ.

"ಇದರಲ್ಲಿ ಕಷ್ಟ ಏನಿದೆ?"

"ಹಾಗಾದರೆ ಬನ್ನಿ, ನಿಂತು ತೋರಿಸಿ."

ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ನಿಂತಳು. ನಲವತ್ತು ಸೆಕೆಂಡಿಗೆ ತೊಡೆಗಳು ನಡುಗತೊಡಗಿದವು, ಐವತ್ತಕ್ಕೆ ತಾರಸಿಗೆ ಹಾಸಿದ್ದ ಟಾರ್ಪಾಲಿನ ಮೇಲೆ ಕುಸಿದು ಕೂತಳು. ಒಂಬತ್ತು ಹತ್ತು ವರ್ಷದ ಮಕ್ಕಳು ಕಿಲಕಿಲ ನಕ್ಕವು. ಗುರುಪ್ರಕಾಶ ನಗಲಿಲ್ಲ; ನಕ್ಕಿದ್ದರೂ ಅವಳಿಗೆ ಅಷ್ಟು ಅವಮಾನ ಆಗುತ್ತಿರಲಿಲ್ಲವೇನೋ. ಅವನು ಅವಳ ಕಡೆ ಬೆನ್ನು ಮಾಡಿ ಮುಂದಿನ ಪಾಠ ಶುರು ಮಾಡಿಬಿಟ್ಟ. ಮರುದಿನವೇ ಅವಳು ಗೋದೌಲಿಯಾ ಪೇಟೆಯಲ್ಲಿ ಒಂದು ಸಲ್ವಾರ್ ಕಮೀಜ್ ಕೊಂಡು ತಂದಳು.

ಈ ಸಿಟ್ಟು ಆ ಒಂದು ಸಂಜೆಯದಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವಳನ್ನು ಧಾರವಾಡದ ಪದ್ಮನಾಭನಿಗೆ ಕೊಟ್ಟಿದ್ದರು. ಎರಡು ವರ್ಷ ಅವನ ಕೈಯಲ್ಲಿ ಪೆಟ್ಟು ತಿಂದಳು. ಅವನು ತಿರುಚಿ ಮುರಿದ ಎಡ ಮೊಣಕೈ ಇವತ್ತಿಗೂ ಪೂರ್ತಿ ನೇರವಾಗುವುದಿಲ್ಲ. ಒಂದು ಮಧ್ಯಾಹ್ನ ಉಟ್ಟ ಸೀರೆಯಲ್ಲೇ ರೈಲು ಹತ್ತಿ ಹನುಮಾನ್ ಘಾಟಿನ ತವರಿಗೆ ಬಂದಳು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುತ್ತಿದ್ದ ತಂದೆ ಬದರೀನಾರಾಯಣಾಚಾರ್ಯರು ಒಂದೂ ಪ್ರಶ್ನೆ ಕೇಳದೆ ಮಗಳನ್ನು ಒಳಗೆ ಕರೆದುಕೊಂಡರು, ಕೋರ್ಟಿನಲ್ಲಿ ಬಿಡುಗಡೆಯನ್ನೂ ಕೊಡಿಸಿದರು. ಅವರು ಹೋದ ಮೇಲೆ ವೃತ್ತಿ ಅಣ್ಣನದಾಯಿತು, ಅಡುಗೆಮನೆ ಅವಳದಾಯಿತು. ದಿನಕ್ಕೆ ಯಾತ್ರಿಕರ ಇಪ್ಪತ್ತು ಮೂವತ್ತು ಊಟದ ಎಲೆ. ಯಾರೂ ಅವಳನ್ನು ಬೈಯುತ್ತಿರಲಿಲ್ಲ, ಏನು ಬೇಕೆಂದು ಕೇಳುತ್ತಲೂ ಇರಲಿಲ್ಲ.

ಮೊದಲ ವರ್ಷ ಬರೀ ನಿಲ್ಲುವುದು. ಗುದ್ದು ಕಲಿಸು, ಒದೆ ಕಲಿಸು ಎಂದರೆ ಗುರುಪ್ರಕಾಶ, "ನಿಲ್ಲೋಕೆ ಬರದವರು ಹೊಡೆದರೆ ತಾವೇ ಬೀಳ್ತಾರೆ," ಎನ್ನುತ್ತಿದ್ದ. ಅವಳಿಗೆ ಅವನ ಕತ್ತು ಹಿಚುಕಬೇಕೆನ್ನಿಸುತ್ತಿತ್ತು. ಮನೆಯಲ್ಲಿ ಹುಳಿಯ ಕೊಳಗದ ಮುಂದೆ ಸೌಟು ಹಿಡಿದು ಅದೇ ಕುದುರೆಯ ನಿಲುವಿನಲ್ಲಿ ನಿಲ್ಲುತ್ತಿದ್ದಳು. ಐವತ್ತು ಸೆಕೆಂಡು ಎರಡು ನಿಮಿಷವಾಯಿತು, ಮಳೆಗಾಲದ ಹೊತ್ತಿಗೆ ಐದಾಯಿತು.

ಆಮೇಲೆ ಮುಂಗೈ ಗಟ್ಟಿಮಾಡುವ ಪಾಠ. ಇಬ್ಬರು ಎದುರುಬದುರು ನಿಂತು ಮುಂಗೈಗೆ ಮುಂಗೈ ಬಡಿಯಬೇಕು. ಅವಳ ಕೈಗಳು ನೇರಳೆ ಬಣ್ಣಕ್ಕೆ ತಿರುಗಿದವು. ಗುರುಪ್ರಕಾಶ ಒಂದು ಸಣ್ಣ ಸೀಸೆ ಕೊಟ್ಟ. ಬೇರು ತೊಗಟೆಗಳನ್ನು ಸಾರಾಯಿಯಲ್ಲಿ ನೆನೆಸಿಟ್ಟ ಔಷಧ. ಅದನ್ನು ಹಚ್ಚಿಕೊಂಡ ದಿನ ಮನೆಯಲ್ಲಿ ದೊಡ್ಡ ರಂಪವಾಯಿತು.

"ಅಡಿಗಿಮನಿಯೊಳಗ ಸೆರೆ ವಾಸನಿ!" ಎಂದು ವಿದ್ಯಾಧೀಶ ಕೂಗಿದ. "ಮಡಿ ಅನ್ನೂದೇನರ ಉಳೀತೇನು ಈ ಮನಿಯೊಳಗ? ಯಾತ್ರಿಕರು ಏನಂದಾರು?"

"ಹಚ್ಚಿಕೊಳ್ಳೂ ಔಷಧ ಅದು. ಕುಡಿಯೂದಲ್ಲ."

"ನಾಳಿಂದ ಹೋಗೂದು ಬ್ಯಾಡ."

"ಮುಂಜಾನೆ ನಾಕಕ್ಕ ಎದ್ದು ಅಡಿಗಿ ಮಾಡ್ತೀನಿ. ಒಂದ ದಿನ ತಪ್ಪಿಸೀನೇನು? ಸಂಜಿ ಒಂದು ತಾಸು ನಂದು."

ಅವಳನ್ನು ತಡೆಯಲಾಗದೆ ವಿದ್ಯಾಧೀಶ ಗ್ರೀಷ್ಮಾಳನ್ನು ಬಿಡಿಸಿದ. ಮಗಳೇ ಹೋಗದಿದ್ದರೆ ತಂಗಿಗೆ ಹೊರಡಲು ನೆಪವಿರುವುದಿಲ್ಲ ಎಂಬ ಲೆಕ್ಕ. ಹುಡುಗಿ ಅತ್ತಳು. "ಬುವಾ, ಮೇರಾ ಕ್ಯಾ ಕಸೂರ್ ಹೈ?" ಎಂದು ಸೋದರತ್ತೆಯನ್ನೇ ಕೇಳಿದಳು. ತನ್ನದೇನು ತಪ್ಪು ಎಂಬ ಆ ಪ್ರಶ್ನೆಯನ್ನು ಹೊತ್ತು ಕಾತ್ಯಾಯನಿ ಮರುದಿನ ಸಂಜೆ ಒಬ್ಬಳೇ ಹೋದಳು. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ನಡೆದಳು.

ಎರಡನೇ ವರ್ಷ ಎದುರಾಳಿಯೊಂದಿಗೆ ಆಡುವ ಪಾಠ ಶುರುವಾಯಿತು. ಒಂದು ದಿನ ಅವಳ ಜೋಡಿಯಾಗಿದ್ದ ಕಾಲೇಜು ಹುಡುಗ, "ಮೆಲ್ಲಗೆ ಆಂಟೀ," ಎಂದು ಮುಗುಳ್ನಕ್ಕ. ಅವನ ಮೂಗಿಗೇ ಬಿತ್ತು ಅವಳ ಮುಷ್ಟಿ. ರಕ್ತ ಸುರಿಯಿತು. ಗುರುಪ್ರಕಾಶ ಬಕೆಟ್ಟು ತಂದು ಅವಳ ಮುಂದೆ ಇಟ್ಟ.

"ಟಾರ್ಪಾಲು ತೊಳೀರಿ. ಇನ್ನು ಎರಡು ತಿಂಗಳು ಆಟ ಇಲ್ಲ. ಮಕ್ಕಳ ಜೊತೆ ಬರೀ ಮಣಿಕಟ್ಟು ಹಿಡಿಯೋದು, ಬಿಡಿಸಿಕೊಳ್ಳೋದು."

"ಅವನು ನಕ್ಕ."

"ನಕ್ಕವರಿಗೆಲ್ಲ ಹೊಡೆಯೋದಾದರೆ ನನ್ನ ಹತ್ತಿರ ಬರಬೇಡಿ. ಚೌಕದಲ್ಲಿ ಗೂಂಡಾಗಳಿದ್ದಾರೆ, ಅವರು ಕಲಿಸ್ತಾರೆ."

ಅವಳು ತೊಳೆದಳು. ಎರಡು ತಿಂಗಳು ಹತ್ತು ವರ್ಷದ ಮಕ್ಕಳ ಪುಟ್ಟ ಮಣಿಕಟ್ಟುಗಳನ್ನು ಹಿಡಿದು, ತಿರುಗಿಸಿ, ಬಿಟ್ಟು, ಮತ್ತೆ ಹಿಡಿದಳು. ನೋವಾಗದಂತೆ ಹಿಡಿಯುವುದು ಹೊಡೆಯುವುದಕ್ಕಿಂತ ಎಷ್ಟು ಕಷ್ಟವೆಂದು ತಿಳಿಯಿತು. ತಿಳಿದದ್ದರಿಂದ ಸಿಟ್ಟೇನೂ ಕಡಿಮೆಯಾಗಲಿಲ್ಲ.

ಆ ಮಾಘಮಾಸದಲ್ಲಿ ಧಾರವಾಡದ ಕಡೆಯಿಂದ ಹನ್ನೆರಡು ಜನರ ತಂಡ ಬಂತು. ಹೆಸರಿನ ಪಟ್ಟಿ ವಾರದ ಮೊದಲೇ ಅಣ್ಣನ ಫೋನಿಗೆ ಬಂದಿತ್ತು. ಎಷ್ಟು ಎಲೆ ಎಂದಷ್ಟೇ ಅವಳಿಗೆ ಹೇಳಿದ. ಮೊದಲ ದಿನ ಊಟಕ್ಕೆ ತೊವ್ವೆಯ ಪಾತ್ರೆ ಹಿಡಿದು ಹಜಾರಕ್ಕೆ ಬಂದಾಗ ಎರಡನೇ ಎಲೆಯ ಮುಂದೆ ಪದ್ಮನಾಭ ಕೂತಿದ್ದ. ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ಪಕ್ಕದಲ್ಲಿ ಎರಡನೇ ಹೆಂಡತಿ ಮೈತ್ರೇಯಿ. ತಾಯಿಯ ಪಿಂಡಕ್ಕಾಗಿ ಬಂದಿದ್ದನಂತೆ.

ಅವನು ಅವಳನ್ನು ನೋಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಇನ್ನೊಂದೀಟು ತೊವ್ವಿ ಹಾಕು," ಎಂದ.

ಹದಿನಾರು ವರ್ಷದ ಹಿಂದಿನ ಅದೇ ಏಕವಚನ. ಅವಳು ಹಾಕಿದಳು. ಊಟ ಮುಗಿದ ಮೇಲೆ ಅಣ್ಣನನ್ನು ಉಗ್ರಾಣದಲ್ಲಿ ಹಿಡಿದಳು.

"ಗೊತ್ತಿತ್ತೇನು ನಿನಗ?"

"ಪಟ್ಟಿಯೊಳಗ ಹೆಸರು ನೋಡಿದ್ದೆ. ಕ್ಷೇತ್ರಕ್ಕ ಬಂದವರನ್ನ ಹೆಂಗ ಹೊಳ್ಳಿ ಕಳಸಲಿ? ಹಳೇ ಮಾತು. ಮೂರು ದಿನ ಸುಮ್ಮನಿರು."

ಪದ್ಮನಾಭನ ಮೇಲಿನ ಸಿಟ್ಟು ಅವಳಿಗೆ ಹಳೆಯದು, ಅದರ ಜೊತೆ ಬದುಕಿ ಅಭ್ಯಾಸವಾಗಿತ್ತು. ಅಣ್ಣನ ಮೇಲಿನದು ಮಾತ್ರ ಹೊಸದಾಗಿ ಹೊತ್ತಿಕೊಂಡಿತು. ಒಂದು ಮಾತು ಹೇಳಿದ್ದರೆ ಅವಳು ಮೂರು ದಿನ ಬೇರೆಲ್ಲಾದರೂ ಇರುತ್ತಿದ್ದಳು. ಹೇಳಿದರೆ ಎಲೆ ಹಾಕುವವರು ಇರುವುದಿಲ್ಲವೆಂದು ಅವನು ಹೇಳಲಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಎಲ್ಲರೂ ಸ್ನಾನ ಮುಗಿಸಿ ಘಾಟಿನಿಂದ ಬಂದು ಅಂಗಳದಲ್ಲಿ ನಿಂತಿದ್ದರು. ಮೈತ್ರೇಯಿ ಗಂಡನ ಕನ್ನಡಕವನ್ನು ದೋಣಿಯಲ್ಲೇ ಮರೆತಿದ್ದಳು. ಪದ್ಮನಾಭ ಏನೂ ಕೂಗಾಡಲಿಲ್ಲ. ಅವಳ ತೋಳು ಹಿಡಿದು, ಮಾತಾಡುತ್ತಲೇ, ಹಿಂದಕ್ಕೆ ತಿರುಚಿದ. ಸುತ್ತಲಿದ್ದವರಿಗೆ ಅದು ಕಾಣಲೇ ಇಲ್ಲ. ಬಾಗಿಲಲ್ಲಿದ್ದ ಕಾತ್ಯಾಯನಿಗೆ ಕಂಡಿತು.

ನಾಲ್ಕು ಹೆಜ್ಜೆ. ಅವನ ಮಣಿಕಟ್ಟು ಅವಳ ಕೈಗೆ ಬಂದಿತ್ತು.

"ಏಯ್, ಬಿಡು!"

"ಮೊದಲ ನೀ ಬಿಡು."

ಅವನು ಬಿಟ್ಟ. ಅವಳು ಬಿಡಲಿಲ್ಲ. ಕಾಲು ಅಗಲಿಸಿ ನಿಂತು ಮಣಿಕಟ್ಟನ್ನು ಹೊರಕ್ಕೆ ತಿರುಗಿಸಿದಳು. ಆ ದಪ್ಪ ಮನುಷ್ಯ ಒದ್ದೆ ಕಲ್ಲಿನ ಮೇಲೆ ಮಂಡಿಯೂರಿದ. "ಅಯ್ಯಯ್ಯೋ, ಕೈ!" ಎಂದ. ಹನ್ನೊಂದು ಜನ ನೋಡುತ್ತ ನಿಂತರು. ಆಗ ಮೈತ್ರೇಯಿ ಅವಳ ಬೆನ್ನಿಗೆ ಗುದ್ದುತ್ತ ಚೀರಿದಳು: "ಬಿಡ್ರೀ ಅವರನ್ನ! ನಿಮಗೇನಾಗಬೇಕು? ಯಾರು ನೀವು?"

ಕಾತ್ಯಾಯನಿ ಕೈ ಬಿಟ್ಟಳು. ಆ ಹೆಂಗಸಿನ ಮೇಲೂ ಕೆಂಡದಂಥ ಸಿಟ್ಟು ಬಂತು.

ವಿದ್ಯಾಧೀಶ ಎಲ್ಲರೆದುರಿಗೇ, "ತಪ್ಪಾತು ಅನ್ನು," ಎಂದ.

"ಅನ್ನಂಗಿಲ್ಲ. ತಪ್ಪು ನಿಂದು."

"ಹಂಗಾದ್ರ ಈ ಮನಿಯೊಳಗ ಇರಬ್ಯಾಡ."

"ಇರಂಗಿಲ್ಲ," ಎಂದು ಅವಳು ಒಳಗೆ ಹೋಗಿ, ಉರಿಯುತ್ತಿದ್ದ ಒಲೆ ಆರಿಸಿ, ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ಹೊರಬಿದ್ದಳು. ಪಿಂಡಕ್ಕೆ ಅನ್ನ ಇನ್ನೂ ಬೆಂದಿರಲಿಲ್ಲ.

ಸಂಜೆ ಗುರುಪ್ರಕಾಶನಿಗೆ ನಡೆದದ್ದನ್ನೆಲ್ಲ ಹೇಳಿದಳು. ಶಭಾಸ್ ಎನ್ನುತ್ತಾನೆಂದುಕೊಂಡಿದ್ದಳು. ಅವನು ಒಂದೇ ಪ್ರಶ್ನೆ ಕೇಳಿದ.

"ಅವನು ಹೆಂಡತಿಯ ಕೈ ಬಿಟ್ಟ ಮೇಲೆ ನೀವು ಎಷ್ಟು ಹೊತ್ತು ಹಿಡಿದಿದ್ದಿರಿ?"

ಅವಳು ಚೀಲವನ್ನು ಕೆಳಗಿಟ್ಟಳು.

"ಬಿಡಿಸಿದ್ದು ನಾನು ಕಲಿಸಿದ್ದು. ಆಮೇಲಿನದನ್ನು ನಾನು ಕಲಿಸಿಲ್ಲ."

"ಆಮೇಲಿನದು ನನ್ನದು," ಎಂದಳು ಅವಳು. "ಹದಿನಾರು ವರ್ಷದ್ದು. ನಿಮ್ಮನ್ನು ಕೇಳಿ ಮಾಡಬೇಕಾಗಿರಲಿಲ್ಲ."

ಅವನಿಗೂ ಸಿಟ್ಟು ಬಂತು. ಒಂದು ತಿಂಗಳು ಬರಬೇಡಿ ಎಂದ. ಅವಳು ಒಂದು ತಿಂಗಳು ಹೋಗಲಿಲ್ಲ, ಮೂವತ್ತೊಂದನೇ ದಿನ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಆ ವಿಷಯದಲ್ಲಿ ಗುರುವಿನ ಮಾತನ್ನು ಅವಳು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೂ ಅವನಷ್ಟು ನೇರವಾಗಿ ತನ್ನೊಂದಿಗೆ ಜಗಳವಾಡಿದ ಇನ್ನೊಬ್ಬ ಗಂಡಸಿಲ್ಲ ಎನ್ನುತ್ತಾಳೆ.

ಅಸ್ಸಿಯ ಗೆಸ್ಟ್‌ಹೌಸ್ ಒಂದರಲ್ಲಿ ಬೆಳಗಿನ ಇಡ್ಲಿ ಉಪ್ಪಿಟ್ಟಿನ ಕೆಲಸ ಸಿಕ್ಕಿತು, ಮಹಡಿಯಲ್ಲಿ ಒಂದು ಕೋಣೆಯೂ ಸಿಕ್ಕಿತು. ಪಿತೃಪಕ್ಷದ ನೂಕುನುಗ್ಗಲಿನಲ್ಲಿ ವಿದ್ಯಾಧೀಶ ಬರಹೇಳಿ ಫೋನು ಮಾಡಿದ. ಗ್ರೀಷ್ಮಾಳನ್ನು ಮತ್ತೆ ತರಗತಿಗೆ ಕಳಿಸಿದರೆ ಬರುತ್ತೇನೆ ಎಂದಳು. ಅವನು ಫೋನಿಟ್ಟ. ಅವಳು ಹೋಗಲಿಲ್ಲ. ಹುಡುಗಿಯನ್ನು ಅವನು ಇನ್ನೂ ಕಳಿಸಿಲ್ಲ.

ಹೋದ ಚಳಿಗಾಲದ ಒಂದು ಬೆಳಿಗ್ಗೆ, ಇಡ್ಲಿ ಹಿಟ್ಟು ಹೊಯ್ಯುತ್ತಿದ್ದಾಗ, ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ನಾನು ಮೈತ್ರೇಯಿ. ಧಾರವಾಡದಿಂದ. ನಿಮ್ಮ ಅಣ್ಣನ ಮಗಳು ನಂಬರ್ ಕೊಟ್ಟಳು."

ಕಾತ್ಯಾಯನಿ ಹಿಟ್ಟಿನ ಸೌಟು ಕೆಳಗಿಟ್ಟಳು.

"ಅವತ್ತು ನೀವು ಯಾರಂತ ಗೊತ್ತಿಲ್ಲದ ನಿಮ್ಮ ಮ್ಯಾಲೆ ಒದರಿದೆ. ಮನಸಿನ್ಯಾಗ ಇಟ್ಟುಕೋಬ್ಯಾಡ್ರಿ. ಒಂದು ಕೇಳೂದಿತ್ತು. ಅವರು ಇಲ್ಲೆ ಇಲ್ಲ ಈಗ, ಪ್ಯಾಟಿಗೆ ಹೋಗ್ಯಾರ." ಆ ಕಡೆ ಉಸಿರು ಎಳೆದುಕೊಂಡ ಸದ್ದು. "ನೀವು ಮನಿ ಬಿಟ್ಟು ಹೊಂಟಾಗ ಯಾವ ಯಾವ ಕಾಗದ ತೊಗೊಂಡಿದ್ರಿ?"

ತಣ್ಣಗಾಗಿದ್ದ ಹಳೆಯ ಸಿಟ್ಟೆಲ್ಲ ಒಮ್ಮೆಗೇ ಎದ್ದಿತು. ಈ ಸಲ ಅದು ಆ ಹೆಂಗಸಿನ ಮೇಲೆ ಇರಲಿಲ್ಲ.

"ನಾ ಒಂದೂ ತೊಗೊಂಡಿದ್ದಿಲ್ಲ," ಎಂದಳು. "ಅದಕ್ಕ ಎರಡು ವರ್ಷ ಅಲೆದೆ. ನೀವು ಹಂಗ ಮಾಡಬ್ಯಾಡ್ರಿ. ಪೆನ್ನು ತೊಗೊಳ್ರಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಎಲ್ಲಿ ಅದ ನಿಮ್ಮದು?"

"ಟ್ರಂಕಿನ್ಯಾಗ."

"ಬೀಗದ ಕೈ?"

"ಅವರ ಕಡೆ."

ಕಾತ್ಯಾಯನಿ ಗ್ಯಾಸ್ ಆರಿಸಿ ಸ್ಟೂಲು ಎಳೆದುಕೊಂಡು ಕೂತಳು. ಹೊರಗೆ ಯಾರೋ ಇಡ್ಲಿ ಆಯಿತೇ ಎಂದು ಕೂಗಿದರು. "ತಡೀರಿ!" ಎಂದು ಗದರಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.