ಸೊಸೆಯ ಸೀರೆ ಉಟ್ಟು ಹಾಲು ಕರೆದ ಸಂಜೆ

ಗಾಳಿ ಸೋಕಿತು, ಮೈಮೇಲೆ ಬಂತು ಎನ್ನುವವರನ್ನು ನಾನು ಬೈದೇ ಕಳಿಸಿದವಳು. ಇದನ್ನು ಓದಿ ನೀವು ನನ್ನನ್ನೂ ಬೈಯಬಹುದು. ಬೈಯಿರಿ, ಬೇಜಾರಿಲ್ಲ.

ನಮ್ಮದು ದೇವಲಾಪುರದ ಹತ್ತಿರದ ಹಳ್ಳಿ. ಕೆಲವು ವರ್ಷದ ಹಿಂದೆ ಸೊಸೆ ಭಾಗ್ಯಳಿಗೆ ಕೆಮ್ಮು ಹತ್ತಿತು. ಬರಬರುತ್ತಾ ಕಡ್ಡಿಯಾದಳು. ನಾಗಮಂಗಲದಲ್ಲಿ ಎದೆಯ ಫೋಟೋ ತೆಗೆದು ಮೈಸೂರಿಗೆ ಬರೆದುಕೊಟ್ಟರು. ಎರಡು ಶ್ವಾಸಕೋಶಗಳ ನಡುವೆ ಗಂಟುಗಳಿದ್ದವು. ಕ್ಷಯವೋ ಕ್ಯಾನ್ಸರೋ, ಚೂರು ತೆಗೆದು ನೋಡದೆ ಹೇಳಲಾಗದು ಎಂದರು. ಪಕ್ಕೆಲುಬಿನ ಸಂದಿಯಲ್ಲಿ ತೂತು ಮಾಡಿ ಕ್ಯಾಮೆರಾ ಇಳಿಸುತ್ತಾರೆ, ಬೆಳಿಗ್ಗೆಯೇ ಮುಗಿಯುತ್ತೆ ಎಂದು ಮಗ ಹೇಳಿ ಹೋದ. ಮೊಮ್ಮಗಳಿಗೆ ಇನ್ನೂ ಮೊಲೆ ಬಿಡಿಸಿರಲಿಲ್ಲ. ಅವಳನ್ನು ದೊಡ್ಡವಳು ಮಾಡುವಷ್ಟು ಕಾಲ ನಾನೆಲ್ಲಿ ಇರುತ್ತೇನೆ?

ಹಸುವಿಗಾಗಿ ನಾನು ಮನೆಯಲ್ಲೇ ಉಳಿದೆ. ಅದು ಭಾಗ್ಯಳಿಗೆ ಬಿಟ್ಟು ಬೇರೆ ಯಾರಿಗೂ ಹಾಲು ಕೊಡದು, ಒದೆಯುತ್ತೆ. ಇಂಥ ಹಸುವಿಗೆ ನಮ್ಮ ಕಡೆ, ದಿನಾ ಕರೆಯುವವಳ ಒಗೆಯದ ಸೀರೆ ಉಟ್ಟು ಕೂರುತ್ತೇವೆ. ವಾಸನೆಗೆ ಸುಮ್ಮನಾಗುತ್ತೆ.

"ಏನಮ್ಮೋ, ಸೊಸೆ ಸೀರೆ ಉಟ್ಕಂಡು ಮದ್ವೆಗೆ ಒಂಟ್ಬುಟ್ಯಾ?" ಎಂದು ಪಕ್ಕದ ಮನೆಯ ನಿಂಗಮ್ಮ ರೇಗಿಸಿದಳು.

"ಬಾಯ್ಮುಚ್ಚಮ್ಮಿ, ಆಟ ಆಡ್ಬ್ಯಾಡ" ಎಂದೆ.

ಸಂಜೆಯಾದರೂ ಮಗನ ಫೋನಿಲ್ಲ. ಹೋಯಿತು, ಸತ್ತೇಹೋದಳು ಅಂದುಕೊಂಡೇ ಕರೆಯಲು ಕೂತೆ. ಚೊಂಬು ಅರ್ಧವಾಗಿತ್ತು. ಇದ್ದಕ್ಕಿದ್ದಂತೆ ಗಂಟಲ ಕೆಳಗಿನ ಕುಳಿಯಲ್ಲಿ ತಣ್ಣನೆಯ ಕಬ್ಬಿಣದಂಥದ್ದೊಂದು ಇಳಿದು ಎದೆಯತ್ತ ಜಾರಿತು. ನೋವಿಲ್ಲ, ಉಸಿರೂ ಇಲ್ಲ. ಕೈ ನಿಂತಿತು. ಹಸು ಕತ್ತು ತಿರುಗಿಸಿ ನನ್ನನ್ನೇ ನೋಡಿತು, ಒದೆಯಲಿಲ್ಲ. ಆಮೇಲೆ ಆ ತಣ್ಣನೆಯದನ್ನು ಯಾರೋ ಹೊರಗೆ ಎಳೆದಂತಾಯಿತು.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. "ಈಗ ಆಚೆಗೆ ತಂದ್ರು ಕಣವ್ವಾ. ಆಪ್ರೇಸನ್ನೇ ಸಂಜೆಗೆ ತಳ್ಬುಟ್ರು. ಕೊನೇಲಿ ಪಕ್ಕೇಲಿ ತೂತು ಬ್ಯಾಡ ಅಂದ್ರು."

"ಗಂಟ್ಲು ಕೆಳಗೆ ಕುಯ್ದ್ರಾ?"

"ನಿಂಗ್ಯಾರವ್ವಾ ಯೋಳಿದ್ದು?"

ಚೂರು ನೋಡಿ ಕ್ಷಯ ಎಂದರು. ಮಾತ್ರೆ ನುಂಗಿ ಭಾಗ್ಯ ಎದ್ದಳು. ಗಾಬರಿಯಲ್ಲಿ ಏನೋ ಭ್ರಮೆ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಿರಬಹುದಿತ್ತು. ಆದರೆ ನಾನು ಬಾಯಿ ಬಿಡುವ ಮೊದಲೇ ಅವಳೇ ಒಂದು ದಿನ ಕೇಳಿದಳು:

"ಅತ್ತೆವ್ವಾ, ಆಪ್ರೇಸನ್ ಮಂಪ್ರಲ್ಲಿ ನಂಗೆ ಆಲು ಕರ್ಯೋ ಸದ್ದು ಕೇಳ್ತಿತ್ತು. ನಡುವೆ ಯಾಕ್ ನಿಲ್ಲಿಸ್ಬುಟ್ರಿ?"