ಅತ್ತೆಯ ಫಿಲ್ಟರಿನ ಬಿಲ್ಲೆ

ಆ ಯಂತ್ರವನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕುಮಟೆಯ ನಮ್ಮ ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ತಿರುಗಿದರೆ ಮೊಣಕೈಗೆ ಮೊಣಕೈ ತಾಗುತ್ತದೆ. ಅಂಥದ್ದರಲ್ಲಿ ಮಿಕ್ಸರಿನ ಜಾಗವನ್ನೆಲ್ಲ ನುಂಗಿಕೊಂಡು, ಒಂದು ಕರಿಯ ಹಿಡಿಯನ್ನು ಮುಂದಕ್ಕೆ ಚಾಚಿಕೊಂಡು ಅದು ಕೂತಿತ್ತು. ಎಸ್ಪ್ರೆಸೊ ಯಂತ್ರ. ನಮ್ಮ ಕಡೆ ಆಗ ಎಸ್ಪ್ರೆಸೊ ಅಂದರೆ ಮದುವೆಮನೆಯಲ್ಲಿ ಸುಂಯ್ ಅಂತ ಹಬೆ ಬಿಟ್ಟು ನೊರೆ ಎಬ್ಬಿಸಿ ಕೊಡುವ ಹಾಲಿನ ಕಾಫಿ. ಇದು ಅದಲ್ಲ. ಹಿಡಿಯ ತುದಿಯಲ್ಲಿ ತೂತಿನ ತಳದ ಒಂದು ಬಟ್ಟಲು; ಅದಕ್ಕೆ ಕಾಫಿಪುಡಿ ತುಂಬಿ, ಒತ್ತಿ ಗಟ್ಟಿ ಮಾಡಿ, ಯಂತ್ರಕ್ಕೆ ತಿರುಪಿ ಸಿಕ್ಕಿಸಬೇಕು. ಯಂತ್ರ ಬಿಸಿನೀರನ್ನು ಪುಡಿಯ ಮೂಲಕ ಜೋರಾಗಿ ನೂಕುತ್ತದೆ. ಕೆಳಗೆ ಎರಡು ಗುಟುಕಿನಷ್ಟು ಕಪ್ಪು ಕಾಫಿ ಬೀಳುತ್ತದೆ. ಇಷ್ಟಕ್ಕೆ ಇಷ್ಟು ರಾಮಾಯಣ!

ಅದನ್ನು ತಂದವರು ನಮ್ಮ ಭಾವ, ಇವರ ಅಣ್ಣ. ಮದುವೆಯಾಗಲಿಲ್ಲ, ಸರಕಿನ ಹಡಗುಗಳಲ್ಲಿ ಅಡುಗೆಯವರಾಗಿ ಅರ್ಧ ಆಯುಷ್ಯ ನೀರಿನ ಮೇಲೆ ಕಳೆದರು. ವರ್ಷಕ್ಕೊಮ್ಮೆ ಬಂದರೆ ಮನೆಯಲ್ಲಿ ನಗೆಯೋ ನಗೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು, ಹಡಗಿನಲ್ಲೇ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮಣಿಪಾಲದಲ್ಲಿ ಔಷಧ ಮುಗಿಸಿ ನಮ್ಮ ಮನೆಗೆ ಬಂದಾಗ ಬಾಯಿ ಒಂಚೂರು ವಾರೆ, ಬಲಗೈ ಪೂರಾ ಸೋತುಹೋಗಿತ್ತು. ಎಡಗೈಯಲ್ಲಿ ಶಕ್ತಿ ಇತ್ತು, ಹದ ಇರಲಿಲ್ಲ.

ಕೈ ಹೋದದ್ದಕ್ಕಿಂತ ಮನಸ್ಸು ಹೋದದ್ದು ನಮ್ಮನ್ನು ಹೆದರಿಸಿತು. ಊರಿಗೆಲ್ಲ ಉಣಬಡಿಸಿದ ಮನುಷ್ಯ, ಅತ್ತೆ ತುತ್ತು ಮಾಡಿ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿದ್ದರು. ದಿನವಿಡೀ ಗೋಡೆ ಕಡೆ ಮುಖ. "ಇನ್ನು ನನ್ನ ಕೈಲಿ ಎಂತದೂ ಆಗೂದಿಲ್ಲ. ಬಿಟ್ಬಿಡಿ ನನ್ನ," ಅಂದುಬಿಟ್ಟರು ಒಂದು ದಿನ. ಡಾಕ್ಟರು ಇವರನ್ನು ಹೊರಗೆ ಕರೆದು, ನಿಮ್ಮಣ್ಣ ಹೀಗೇ ಮಲಗಿದರೆ ಮತ್ತೆ ಏಳುವುದಿಲ್ಲ ಎಂದಿದ್ದರು. ಅತ್ತೆ ದೇವರ ಮುಂದೆ ಕೂತು ಅಳುತ್ತಿದ್ದದ್ದನ್ನು ನಾನು ಕಂಡಿದ್ದೇನೆ.

ಹಾಗಿರುವಾಗ ಒಂದು ಬೆಳಿಗ್ಗೆ ಭಾವ ತಾವಾಗಿಯೇ, ತಮ್ಮ ಟ್ರಂಕಿನಲ್ಲಿದ್ದ ಪೆಟ್ಟಿಗೆ ತೆಗೆಯಿರಿ ಎಂದರು. ಆ ಯಂತ್ರ ಹೊರಗೆ ಬಂತು. "ಕಾಪಿ ನಾ ಮಾಡ್ಕಂತೆ. ಯಾರೂ ಮುಟ್ಟೂದು ಬ್ಯಾಡ." ಅತ್ತೆ ನನ್ನ ರಟ್ಟೆ ಚಿವುಟಿದರು, ಸುಮ್ಮನಿರು ಅಂತ. ನಾನು ಮಿಕ್ಸರನ್ನು ಎತ್ತಿ ಅಕ್ಕಿಡಬ್ಬದ ಮೇಲಿಟ್ಟೆ.

ಮೊದಲ ದಿನವೇ ಫಜೀತಿ. ಮನೆಯಲ್ಲಿದ್ದದ್ದು ಅತ್ತೆಯ ಹಿತ್ತಾಳೆ ಫಿಲ್ಟರಿಗೆ ತರುವ, ಚಿಕೋರಿ ಬೆರೆಸಿದ ಪುಡಿ. ಅದೇ ತುಂಬಿದರು. ಯಂತ್ರ ಗುರ್ರ್ ಅಂತ ಗುರುಗುಟ್ಟಿತು, ನಡುಗಿತು, ಒಂದು ಹನಿ ಬೀಳಲಿಲ್ಲ. ಹಿಡಿ ತಿರುಪಿ ಬಿಚ್ಚಿದ ಕೂಡಲೇ ಫಟ್! ಚಿಕೋರಿ ಹಲಸಿನ ಮೇಣದ ಹಾಗೆ ಅಂಟಿಕೊಂಡು ದಾರಿ ಕಟ್ಟಿತ್ತು. ಗೋಡೆ, ದೇವರ ಕ್ಯಾಲೆಂಡರು, ನನ್ನ ಶಾಲೆಗೆ ಉಡುವ ಸೀರೆ, ಎಲ್ಲಕ್ಕೂ ಕಾಫಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಎಂಟೂವರೆಗೆ ಮನೆ ಬಿಡಬೇಕು. "ಅಯ್ಯೋ ನನ್ನ ಕರ್ಮವೇ!" ಅಂತ ಕೂಗಿಬಿಟ್ಟೆ.

ಬರಿಯ ಕಾಫಿಪುಡಿ ತಂದೆವು. ಈಗ ಬೇರೆ ತಾಪತ್ರಯ. ಪುಡಿಯನ್ನು ಬಟ್ಟಲಲ್ಲಿ ಒಂದೇ ಸಮ ಒತ್ತಬೇಕು. ಭಾವನ ಎಡಗೈ ಒತ್ತಿದರೆ ಒಂದು ಬದಿ ಗುಡ್ಡ, ಇನ್ನೊಂದು ಬದಿ ಗದ್ದೆ. ನೀರು ಎಷ್ಟೆಂದರೂ ನೀರೇ, ಬದು ಎಲ್ಲಿ ಸಡಿಲವೋ ಅಲ್ಲೇ ನುಗ್ಗುತ್ತದೆ. ಪುಡಿಯಲ್ಲಿ ಹೊಂಡ ಕೊರೆದುಕೊಂಡು ಅರೆಕ್ಷಣದಲ್ಲಿ ಕೆಳಗಿಳಿದರೆ ಕಪ್ಪಿನಲ್ಲಿ ಪಾತ್ರೆ ತೊಳೆದ ನೀರಿನಂಥ ಕಾಫಿ. ಭಾವ ಒಂದು ಗುಟುಕು ಕುಡಿದು ಮೋರಿಗೆ ಚೆಲ್ಲುತ್ತಿದ್ದರು. ಇವರು, "ಅಣ್ಣಾ, ನಾ ಒತ್ತಿಕೊಡ್ತೆ," ಅಂದದ್ದಕ್ಕೆ ಭಾವ ನೋಡಿದ ನೋಟಕ್ಕೆ ಇವರು ಅಂಗಳಕ್ಕೆ ಹೋದರು. ಯಾರೂ ಇಲ್ಲದಾಗ ನಾನೂ ಒಮ್ಮೆ ಒತ್ತಿ ನೋಡಿದೆ. ನನ್ನದೂ ಹಾಗೇ ಆಯಿತು. "ಈ ಯಂತ್ರವೇ ಸರಿ ಇಲ್ಲ," ಎಂದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಹೌದು ಹೌದು, ಕುಣೂಕೆ ಬರದವಳಿಗೆ ನೆಲ ಡೊಂಕು," ಅಂದರು.

ವಾರ ಕಳೆಯುತ್ತ ಭಾವ ಎದ್ದು ಬರುವುದು ತಡವಾಗತೊಡಗಿತು. ಒಂದು ದಿನ ಬರಲೇ ಇಲ್ಲ. ನಮ್ಮ ಮೂವರಿಗೂ ಗೊತ್ತಿತ್ತು, ಈ ಕಾಫಿ ಬಿಟ್ಟರೆ ಅವರು ಎಲ್ಲವನ್ನೂ ಬಿಟ್ಟಂತೆ. ಯಂತ್ರದ ಮೇಲಿನ ನನ್ನ ಸಿಟ್ಟು ಅವತ್ತು ದಿಕ್ಕು ಬದಲಿಸಿತು. ನಿನ್ನನ್ನು ಹಾಗೇ ಬಿಡುತ್ತೇನೆಯೇ, ನೋಡುತ್ತೇನೆ ಅನಿಸಿತು.

ಶಾಲೆಯಲ್ಲಿ ಮಕ್ಕಳಿಗೆ ಸೋಸುವ ಪ್ರಯೋಗ ಮಾಡಿಸುವಾಗ ದುಂಡನೆಯ ಸೋಸುಕಾಗದ ಕೈಯಲ್ಲಿತ್ತು. ನೀರನ್ನು ಹಿಡಿದು ಹಿಡಿದು ಬಿಡುವುದೇ ಅದರ ಕೆಲಸ. ಪ್ರಯೋಗಶಾಲೆಗೆ ಸಾಮಾನು ತರುವವರ ಹತ್ತಿರ ನನಗೂ ಬೇರೆ ಒಂದು ಪೊಟ್ಟಣ ಹೇಳಿ ತರಿಸಿದೆ. ಟೀಚರು ಶಾಲೆಯದನ್ನು ಮನೆಗೆ ಸಾಗಿಸಿದಳು ಅಂತ ಯಾರ ಬಾಯಲ್ಲೂ ಬರಬಾರದು. ಬಟ್ಟಲಿನ ಅಳತೆಗೆ ಕತ್ತರಿಸಿ, ಪುಡಿಯ ಕೆಳಗೊಂದು, ಮೇಲೊಂದು ಇಡಲು ಭಾವನಿಗೆ ಕೊಟ್ಟೆ. ನಾನು ಮುಟ್ಟಲಿಲ್ಲ. ಕೆಳಗಿನದು ಚಿನ್ನದಂಥ ಕೆಲಸ ಮಾಡಿತು. ನುಣ್ಣನೆ ಪುಡಿ ತಳದ ತೂತಿಗೆ ಸಿಕ್ಕುವುದು ನಿಂತು ಕಾಫಿ ತಿಳಿಯಾಗಿ ಇಳಿಯಿತು. ಆದರೆ ಮೇಲಿನ ಕಾಗದ ನೀರು ಬಿದ್ದ ಕೂಡಲೇ ಮಡಚಿ, ಹರಿದು, ಯಂತ್ರದ ಬಾಯಿಗೆ ಅಂಟಿಕೊಂಡಿತು. ಪುಡಿಯಲ್ಲಿ ಮತ್ತೆ ಹೊಂಡ.

"ಮೇಲೆ ಗಟ್ಟಿ ಎಂತಾದ್ರೂ ಬೇಕು ಭಾವ. ತೂತು ಇರೂದು, ಮಡಚದೇ ಇರೂದು," ಎಂದೆ.

ಭಾವ ತಲೆ ಅಲ್ಲಾಡಿಸಿದರು. "ಸಾಕು. ಪೆಟ್ಟಿಗೆಲಿ ಹಾಕಿಡು ಅದನ್ನ."

ಅತ್ತೆ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಫಿಲ್ಟರಿನೊಳಗೆ ಪುಡಿಯ ಮೇಲೆ ಕೂರಿಸುವ ಬಿಲ್ಲೆ ಇತ್ತು, ಮೈತುಂಬ ತೂತಿನ, ನಡುವೆ ಉದ್ದನೆ ಹಿಡಿಯ ಹಿತ್ತಾಳೆ ಬಿಲ್ಲೆ. ಆ ಫಿಲ್ಟರು ಅವರ ಮದುವೆಯಲ್ಲಿ ತವರಿನಿಂದ ಬಂದದ್ದು. ನನ್ನನ್ನೂ ಅದಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಲು ಬಿಟ್ಟವರಲ್ಲ. "ಇದರ ಹಿಡಿ ತೆಗೆಸ್ಕ ಬಾ," ಎಂದು ನನ್ನ ಕೈಗಿಟ್ಟರು.

"ಅತ್ತೆ, ಫಿಲ್ಟರು ಹಾಳಾಗ್ತದೆ."

"ಹಾಳಾಗ್ಲಿ. ಹೋಗು ನೀನು."

ನಮ್ಮ ಕೇರಿಯ ಅಕ್ಕಸಾಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಟೀಚರೇ, ಇಷ್ಟು ಚಂದದ್ದು ಕತ್ತರಿಸೂದಾ?" ಅಂದ. ಕತ್ತರಿಸು ಎಂದೆ. ಗರಗಸದ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಹಿಡಿ ಬಿತ್ತು. ಅಂಚು ಉಜ್ಜಿ, ಕಲಾಯಿ ಹಾಕಿಸಿ ತಂದ ಬಿಲ್ಲೆ ಬಟ್ಟಲಿನೊಳಗೆ ಹೇಳಿ ಮಾಡಿಸಿದ ಹಾಗೆ ಕೂತಿತು.

ಕೆಳಗೆ ಕಾಗದ, ನಡುವೆ ಪುಡಿ, ಮೇಲೆ ಬಿಲ್ಲೆ. ಭಾವನಿಗೆ ಇದೆಲ್ಲ ಎಡಗೈಯಲ್ಲಿ ಮಾಡಲು ಬಹಳ ಹೊತ್ತು ಹಿಡಿಯಿತು. ಒತ್ತಿದ್ದು ಎಂದಿನಂತೆ ವಾರೆಯೇ. ಆದರೆ ಈಗ ನೀರು ಬಿಲ್ಲೆಯ ಮೇಲೆ ಬಿದ್ದು, ಎಲ್ಲ ತೂತಿಗೂ ಹಂಚಿಕೊಂಡು, ಮೆಲ್ಲಗೆ ಪುಡಿಗೆ ಇಳಿಯಿತು. ಕೆಳಗೆ ದಪ್ಪನೆ, ಜೇನಿನ ಬಣ್ಣದ ಎಳೆ. ಮನೆಯೆಲ್ಲ ಘಮ. ಭಾವ ಆ ಪುಟ್ಟ ಕಪ್ಪನ್ನು ಎತ್ತಿ, ಅತ್ತೆಯ ಮುಂದೆ ಹಿಡಿದರು. "ಆಯಿ, ಕುಡಿ."

ಅತ್ತೆ ಕುಡಿದರು. ಅವರ ಮುಖ ಹಾಗಲಕಾಯಿ ಕಚ್ಚಿದವರ ಹಾಗಾಯಿತು. "ಶೀ, ಇದೆಂತ ಮಾರಾಯಾ, ಕಾಡೆ ಕಷಾಯ ಆದಾಂಗೆ ಇದ್ಯಲ!" ಅಂದರು. ಭಾವ ನಕ್ಕರು. ವಾರೆ ಬಾಯಿಯಲ್ಲೇ, ಸದ್ದು ಮಾಡಿ. ಇವರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದ ಹಾಗೆ ಮಾಡಿದೆ.

ಮಾರನೆಯ ವಾರ ಇವರು ಹೊನ್ನಾವರಕ್ಕೆ ಹೋದವರು ಪಾತ್ರೆ ಅಂಗಡಿಯಿಂದ ಹೊಸ ಸ್ಟೀಲ್ ಫಿಲ್ಟರು ತಂದರು, ಅಮ್ಮನಿಗೆ ಅಂತ. ಅತ್ತೆ ಅದನ್ನು ತಿರುಗಿಸಿ ನೋಡಿ, ಚಂದ ಇದೆ ಅಂದರು. ಆ ಭಾನುವಾರ ನಾನು ಬೆಳಕೆ ಊರಿನ ನನ್ನ ತವರಿಗೆ ಹೊರಟಾಗ ನನ್ನ ಚೀಲದಲ್ಲಿ ಫಿಲ್ಟರು! "ನಿನ್ನ ಅಬ್ಬೆಗೆ ಕೊಡು," ಅಂದರು.

ನನಗೆ ರೇಗಿತು. "ನಿಮಗೆ ಆ ಕಾಪಿ ಸೇರೂದಿಲ್ಲ. ದಿನಾ ಮುಖ ಕಿವುಚ್ಕಂಡು ಕುಡಿತ್ರಿ. ಬಂದ ಫಿಲ್ಟರನ್ನೂ ದಾನ ಮಾಡ್ತ್ರಿ. ಇದೆಂತ ಹಟ ನಿಮ್ಮದು?"

ಅತ್ತೆ ಭಾವನ ಕೋಣೆಯ ಕಡೆ ನೋಡಿ ಸ್ವರ ತಗ್ಗಿಸಿದರು. "ಮಾರಾಯ್ತಿ, ಅವ ತನಗೊಬ್ಬನಿಗೇ ಮಾಡ್ಕಂಡ್ರೆ ಒಂದಲ್ಲ ಒಂದು ದಿನ ಬ್ಯಾಡ ಅಂತ ಮಲಗ್ತಾ. ನಂಗೆ ಬೇಕು ಅಂದ್ರೆ ಏಳ್ತಾ. ಮನೆಲಿ ಫಿಲ್ಟರಿದ್ರೆ ನಾ ಅವನ ಹತ್ರ ಹೆಂಗೆ ಕೇಳೂದು?"

ವಿಜ್ಞಾನ, ಸೋಸುಕಾಗದ ಅಂತೆಲ್ಲ ಹಾರಾಡಿದ ನಾನು ಸುಮ್ಮನೆ ಫಿಲ್ಟರನ್ನು ಬೆಳಕೆಗೆ ಒಯ್ದೆ.

ಆಮೇಲೆ ಪ್ರತಿ ಬೆಳಿಗ್ಗೆ, "ಮಗಾ, ನನ್ನ ಕಾಪಿ ಎಲ್ಲಿ?" ಎಂಬ ಕೂಗು. ಕರೆಂಟ್ ಹೋದ ದಿನ ಭಾವ ಅಮ್ಮನಿಗಾಗಿ ಚಡಪಡಿಸುತ್ತಿದ್ದರು. ಕಾಗದ ಕತ್ತರಿಸುವುದನ್ನು ಎಡಗೈಯಲ್ಲೇ ಕಲಿತರು, ಆಮೇಲೆ ತರಕಾರಿ ಹೆಚ್ಚುವುದನ್ನು. ಒಂದು ಚೌತಿಗೆ ಕಡಬನ್ನೇ ಮಾಡಿ ಬಡಿಸಿದರು. ಆ ಮನೆಯಲ್ಲಿ ಅಷ್ಟು ವರ್ಷ ನಗು ಉಳಿಯಿತಲ್ಲ, ಅದಕ್ಕೆ ನಾನು ಯಾರಿಗೆ ಕೈಮುಗಿಯಲಿ? ಅತ್ತೆಗೇ ಮುಗಿಯುತ್ತೇನೆ.

ಕೆಲವು ವರ್ಷಗಳ ಮೇಲೆ ಅತ್ತೆ ಹೋದರು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಸದ್ದಿಲ್ಲ. ಇಣುಕಿ ನೋಡಿದರೆ ಭಾವ ಹಾಸಿಗೆಯಲ್ಲಿ, ಗೋಡೆಯ ಕಡೆ ತಿರುಗಿ ಮಲಗಿದ್ದರು. ಹುಟ್ಟಿದಾಗಿನಿಂದ ನಾನು ಚಹದವಳು. ಆ ಕಪ್ಪು ಕಾಫಿಯನ್ನು ಒಮ್ಮೆಯೂ ನಾಲಿಗೆಗೆ ಮುಟ್ಟಿಸಿರಲಿಲ್ಲ. ಕುದಿಯುತ್ತಿದ್ದ ಚಹವನ್ನು ಮೋರಿಗೆ ಸುರಿದು, ಅವರ ಬಾಗಿಲಲ್ಲಿ ಹೋಗಿ ನಿಂತೆ.

"ಭಾವ, ನನ್ನ ಕಾಪಿ ಎಲ್ಲಿ?" ಎಂದೆ.

ಅವರು ಎಡಗೈ ಊರಿ, ಮೆಲ್ಲಗೆ ಎದ್ದು ಕೂತರು.