ಅಮ್ಮನಿಗೆ ಏನೂ ಬರಲ್ಲ

ಮಗಳ ಶಾಲೆಯ ಗೋಡೆಯ ಮೇಲೆ ನನ್ನ ಬಗ್ಗೆ ಐದು ವಾಕ್ಯ ಅಂಟಿಸಿದ್ದರು. ಇಂಗ್ಲಿಷಿನಲ್ಲಿ, ಪೆನ್ಸಿಲ್ಲಿನಲ್ಲಿ, ಸುತ್ತ ಹಳದಿ ಹೂವಿನ ಚಿತ್ರ ಸಮೇತ. ಅಮ್ಮನಿಗೆ ಹಾಡಲು ಬರುವುದಿಲ್ಲ. ಅಮ್ಮನಿಗೆ ಅಡುಗೆ ಹೊಟ್ಟೆಗಾಗುವಷ್ಟು ಮಾತ್ರ ಬರುತ್ತದೆ. ಅಮ್ಮನಿಗೆ ಕಾರು ಓಡಿಸಲು ಸ್ವಲ್ಪ ಬರುತ್ತದೆ, ದೇವರು ದೊಡ್ಡವನು. ಅಮ್ಮನಿಗೆ ಈಜು ಮರೆತುಹೋಗಿದೆ. ಐದನೆಯದು, ಕೆಂಪು ಗೆರೆ ಎಳೆದು: ಮೈ ಮದರ್ ಕ್ಯಾನ್ ಟ್ರೈ.

ಪಕ್ಕದ ಹಾಳೆಯ ತಾಯಿ ಹಾಡುತ್ತಿದ್ದಳು, ಕುಣಿಯುತ್ತಿದ್ದಳು, ಇಲಿಶ್ ಮೀನಿನ ಮುಳ್ಳನ್ನು ಕಣ್ಣು ಮುಚ್ಚಿಕೊಂಡು ತೆಗೆಯುತ್ತಿದ್ದಳು. ಅದರಾಚೆಯವಳಿಗೆ ನಾಲ್ಕು ಭಾಷೆ ಮತ್ತು ಸ್ಕೂಟರ್ ರಿಪೇರಿ. ಮೂವತ್ತೆರಡು ತಾಯಂದಿರ ಪೈಕಿ ಏನೂ ಬರದವಳು ನಾನೊಬ್ಬಳೇ.

ಇಂಗ್ಲಿಷ್ ಮಿಸ್ ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಎಲ್ಲ ಸರಿಯಾಗಿದೆಯಾ ಎಂದು ಮೆಲ್ಲಗೆ ಕೇಳಿದರು. ಆಮೇಲೆ ಇನ್ನೊಂದು ವಿಷಯ ಹೇಳಿದರು. ಬರುವ ಶನಿವಾರ ಪ್ರತಿ ಮಗುವೂ ಮನೆಯಿಂದ ಒಬ್ಬ ದೊಡ್ಡವರನ್ನು ಕರೆತರಬೇಕು, ಅವರು ತಮಗೆ ಬರುವ ಒಂದು ವಿದ್ಯೆಯನ್ನು ತರಗತಿಯಲ್ಲಿ ಮಾಡಿ ತೋರಿಸಬೇಕು. "ನೀವು ಚಿಂತೆ ಮಾಡಬೇಡಿ. ನಿಮ್ಮ ಮಗಳು ಕೆಳಮನೆಯ ಕಾಕಿಮಾನ ಕರೆದುಕೊಂಡು ಬರ್ತಾಳಂತೆ."

ಕಾಕಿಮಾ ಎಂದರೆ ನಮ್ಮ ಕೆಳಗಿನ ಫ್ಲ್ಯಾಟಿನ ಬಂಗಾಳಿ ಹೆಂಗಸು. ನಾನು ಕೋಲ್ಕತ್ತದ ಸೆಕ್ಟರ್ ಫೈವಿನ ಆಫೀಸಿನಿಂದ ಬರುವ ತನಕ ಮಗಳು ಅವರ ಮನೆಯಲ್ಲೇ ಮುಡಿ, ಎಂದರೆ ಮಂಡಕ್ಕಿ, ತಿಂದುಕೊಂಡು ಇರುತ್ತಾಳೆ. ಒಳ್ಳೆಯ ಹೆಂಗಸು. ಆದರೆ ಆ ಕ್ಷಣ ಅವರ ಹಾರ್ಮೋನಿಯಂ ಎತ್ತಿ ಎಲ್ಲಿಗಾದರೂ ಎಸೆಯಬೇಕೆನಿಸಿತು. ಹೆತ್ತವಳು ನಾನು, ಶನಿವಾರಕ್ಕೆ ಕಾಕಿಮಾ!

ಮನೆಗೆ ಬಂದವಳೇ ಮಗಳಿಗೆ ಮಂಗಳಾರತಿ ಎತ್ತಿದೆ. ಅವಳಿಗೆ ಎಂಟು ವರ್ಷ, ಹುಟ್ಟಿದ್ದೇ ಇಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಜಗಳ ಮಾತ್ರ ಅರ್ಧ ಇಂಗ್ಲಿಷಿನಲ್ಲಿ ಆಡುತ್ತಾಳೆ.

"ಬಟ್ ಅಮ್ಮಾ, ನೀನೇ ಹೇಳಿದ್ದು! ಐ ಆಸ್ಕ್ಡ್ ಯೂ. ನೀನು ಬೀನ್ಸ್ ಕಟ್ ಮಾಡ್ತಾ ಇದ್ದೆ."

ಹೌದು, ಕೇಳಿದ್ದಳು. ಪೆನ್ಸಿಲ್ ಹಿಡಿದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ನಿಂಗೆ ಹಾಡಕ್ಕೆ ಬರತ್ತಾ ಎಂದಿದ್ದಳು. ನಾನು ಕತ್ತು ಓರೆ ಮಾಡಿ, "ಅಯ್ಯೋ, ನಂಗೆಲ್ಲಿ ಬರತ್ತೆ" ಎಂದಿದ್ದೆ. ಅಡುಗೆ? "ಏನೋ ಹೊಟ್ಟೆಗಾಗೋಷ್ಟು." ಕಾರು? "ಏನೋ ಸ್ವಲ್ಪ, ದೇವರು ದೊಡ್ಡೋನು." ಈಜು? "ಅದೆಲ್ಲ ಮರ್ತೇ ಹೋಯ್ತು ಪುಟ್ಟಿ." ಮತ್ತೇನು ಬರತ್ತೆ? "ಏನೋಪ್ಪ, ಪ್ರಯತ್ನ ಮಾಡ್ತೀನಿ." ಅವಳು ಒಂದಕ್ಷರ ಬಿಡದೆ ಬರೆದುಕೊಂಡಿದ್ದಳು.

ನಾನು ಹನ್ನೊಂದು ವರ್ಷ ಸಂಗೀತ ಕಲಿತವಳು. ಮೈಸೂರಿನಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು. ಆದರೆ ಹಾಡಲು ಬರುತ್ತದೆ ಎಂದು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಯಾರದೋ ಮನೆಯ ಮದುವೆಗೆ ಕರೆಯದೇ ಹೋಗಿ ಊಟಕ್ಕೆ ಕುಳಿತಂತೆ. ಅದಕ್ಕೊಂದು ಕ್ರಮವಿದೆ. ಯಾರಾದರೂ ಹಾಡಮ್ಮ ಎಂದರೆ, ನನಗೆಲ್ಲಿ ಬರುತ್ತೆ ಅನ್ನಬೇಕು. ಮತ್ತೆ ಕೇಳಿದರೆ, ಬಿಟ್ಟು ಬಹಳ ದಿನ ಆಯಿತು. ಮೂರನೆಯ ಸಲಕ್ಕೆ, ಗಂಟಲು ಕಟ್ಟಿದೆ. ನಾಲ್ಕನೆಯ ಸಲಕ್ಕೆ ಸೆರಗು ಸರಿಮಾಡಿಕೊಂಡು ಕುಳಿತು ಮುಕ್ಕಾಲು ಗಂಟೆ ಹಾಡಬೇಕು. ಕೇಳುವವರಿಗೂ ಈ ಲೆಕ್ಕ ಗೊತ್ತು. ಯಾರೂ ಮೂರಕ್ಕೆ ನಿಲ್ಲಿಸಿ ಮರ್ಯಾದೆ ಕಳೆಯುವುದಿಲ್ಲ.

ಕೋಲ್ಕತ್ತದಲ್ಲಿ ನಾಲ್ಕನೆಯ ಸಲ ಎಂಬುದೇ ಇಲ್ಲ. ಬಂದ ವರ್ಷ ನಮ್ಮ ಪಾಡಾದ, ಎಂದರೆ ಬೀದಿಯವರ, ಪೂಜೆಯಲ್ಲಿ ಹಾಡುತ್ತೀರಾ ಎಂದು ಕೇಳಿದರು. ನನಗೆಲ್ಲಿ ಬರುತ್ತೆ ಎಂದೆ. ಬಿಟ್ಟು ಬಹಳ ದಿನ ಆಯಿತು ಎಂದು ಹೇಳಲು ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕಾಕಿಮಾ ಹಾರ್ಮೋನಿಯಂ ಮುಂದೆ ಕುಳಿತು ಎರಡನೆಯ ಸಾಲಿಗೆ ಬಂದಿದ್ದರು. ಅಂದಿನಿಂದ ಒಂಬತ್ತು ವರ್ಷ ನಾನು ಹಾಡಿಲ್ಲ. ಮಗಳು ನನ್ನ ಹಾಡು ಕೇಳಿಯೇ ಇರಲಿಲ್ಲ. ಇದನ್ನು ಗೋಡೆಯ ಆ ಹಾಳೆ ನೋಡುವವರೆಗೆ ನಾನು ಯೋಚಿಸಿರಲೇ ಇಲ್ಲ.

ಆಫೀಸಿನಲ್ಲೂ ಇದೇ ಕಥೆ. ನಮ್ಮ ಕೆಲಸ ಇಂಗ್ಲೆಂಡಿನ ಒಬ್ಬ ಮ್ಯಾನೇಜರಿಗೆ. ಆ ಮನುಷ್ಯ ಮೊದಲ ಕಾಲ್‌ನಲ್ಲೇ, ಯಾರೂ ಕೇಳದೆ, ನನಗೆ ಬ್ರೆಡ್ ಮಾಡಲು ಬಹಳ ಚೆನ್ನಾಗಿ ಬರುತ್ತದೆ, ಕಾರು ಹಿಂದಕ್ಕೆ ತೆಗೆಯಲು ಬಿಲ್‌ಕುಲ್ ಬರುವುದಿಲ್ಲ ಎಂದು ಎರಡನ್ನೂ ಒಂದೇ ದನಿಯಲ್ಲಿ ಹೇಳಿದ. ನಾಚಿಕೆ ಇಲ್ಲವೇ ಎನಿಸಿತು. ಆಮೇಲೆ ಒಂದು ದೊಡ್ಡ ಕೆಲಸ ತೋರಿಸಿ, ಇದು ನಿಮ್ಮಿಂದ ಆಗುತ್ತದಾ ಎಂದ. ಐ ವಿಲ್ ಟ್ರೈ ಎಂದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಸೋಮವಾರ ಮುಗಿಸಿಟ್ಟಿರುತ್ತೇನೆ ಎಂದು ಅರ್ಥ. ಅವನು ಪಾಪ, ಇವಳ ಕೈಲಾಗದು ಎಂದು ತಿಳಿದು ಅದನ್ನು ಬೇರೊಬ್ಬನಿಗೆ ಕೊಟ್ಟ. ಆಗಿನಿಂದ ಈಮೇಲಿನಲ್ಲಿ ಧೈರ್ಯವಾಗಿ ವಿ ಕ್ಯಾನ್ ಎಂದು ಬರೆಯುತ್ತೇನೆ. ಹತ್ತು ಜನರನ್ನು ಸೇರಿಸಿಕೊಂಡರೆ ಜಂಬ ಹಂಚಿಹೋಗುತ್ತದೆ.

ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಸರಿ, ತುಳುಕಲಿಲ್ಲ. ಆದರೆ ಅದರಲ್ಲಿ ನೀರಿದೆ ಎಂದು ಎಂಟು ವರ್ಷದ ಮಗುವಿಗೆ ಗೊತ್ತಾಗುವುದಾದರೂ ಹೇಗೆ?

"ಶನಿವಾರ ನಾನು ಬರ್ತೀನಿ, ಹಾಡ್ತೀನಿ" ಎಂದೆ.

ಮಗಳು ನನ್ನನ್ನು ಕಾಯಿಲೆಯವರನ್ನು ನೋಡುವಂತೆ ನೋಡಿದಳು. "ಅಮ್ಮಾ, ಪ್ಲೀಸ್. ಎಲ್ಲರೂ ಇರ್ತಾರೆ."

ಗಂಡನ ಕಡೆ ತಿರುಗಿದೆ. "ರೀ, ನೀವಾದ್ರೂ ಹೇಳ್ರೀ, ನಂಗೆ ಹಾಡಕ್ಕೆ ಬರತ್ತೆ ಅಂತ."

"ಬರತ್ತೆ ಅಂತ ನೀನು ಯಾವತ್ತು ಹೇಳಿದ್ದೆ?" ಎಂದರು ಮಹಾನುಭಾವರು, ಫೋನಿನಿಂದ ತಲೆ ಎತ್ತದೆ.

ಮಾರನೆಯ ದಿನ ಬೆಳಿಗ್ಗೆ ಆಫೀಸಿನ ಕ್ಯಾಬ್ ಬರುವ ಮೊದಲು ಫೋನಿನಲ್ಲಿ ಶ್ರುತಿ ಹಾಕಿಕೊಂಡು ಕೋಣೆಯ ಬಾಗಿಲು ಮುಚ್ಚಿ ಕುಳಿತೆ. ಮೊದಲ ಸ್ವರ ಹಳೆಯ ಕಿಟಕಿ ತೆಗೆದಂತೆ ಕಿರ್ರೆಂದಿತು. ಗಂಟಲು ಕಟ್ಟಿದೆ ಎಂದು ಊರಲ್ಲಿ ಅಷ್ಟು ಸಲ ಸುಳ್ಳು ಹೇಳಿದ್ದಕ್ಕೆ ಈಗ ಅದು ನಿಜವಾಗಿಯೇ ಕಟ್ಟಿಕೊಂಡಿತ್ತು. ಅಳುವೇ ಬಂತು. ಮೂಗು ಒರೆಸಿಕೊಂಡು ಮತ್ತೆ ಶುರು ಮಾಡಿದೆ. ಮೂರನೆಯ ದಿನ ದನಿ ಒಂದಿಷ್ಟು ಹದಕ್ಕೆ ಬಂತು, ಒಂದು ದೇವರನಾಮ ಪೂರ್ತಿ ಹಾಡಿದೆ. ಬಾಗಿಲು ತೆರೆದರೆ ಮಗಳು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡು ನಿಂತಿದ್ದಳು.

"ಅಮ್ಮಾ, ಅದು ಫೋನಾ? ನೀನಾ?"

"ನಾನು."

ಅವಳು ಬಾಯಿ ತೊಳೆದುಕೊಂಡು ಬಂದು ಬ್ಯಾಗಿನಿಂದ ಶನಿವಾರದ ಫಾರಂ ತೆಗೆದು ನನ್ನ ಮುಂದಿಟ್ಟಳು. ಕಾಕಿಮಾನ ಹೆಸರು ಆಗಲೇ ಅಳಿಸಿದ್ದಳು. ಐ ಕ್ಯಾನ್ ಎಂದು ಅಚ್ಚಾಗಿತ್ತು, ಮುಂದೆ ಒಂದು ಖಾಲಿ ಗೆರೆ. ಪೆನ್ಸಿಲ್ ತೆಗೆದುಕೊಂಡು ಸಿಂಗ್ ಎಂದು ಬರೆದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಕೈ ತಾನಾಗಿಯೇ ಮುಂದುವರಿದು ಎ ಲಿಟಲ್ ಎಂದು ಸೇರಿಸಿತು. ಮಗಳು ಡಬ್ಬಿಯಿಂದ ರಬ್ಬರ್ ತೆಗೆದು ಆ ಎರಡು ಪದ ಅಳಿಸಿ, ಪುಡಿಯನ್ನು ಉಫ್ ಎಂದು ಊದಿದಳು.

ಕಾಕಿಮಾಗೆ ನಾನೇ ಹೋಗಿ ಹೇಳಿದೆ. ಬೇಸರ ಮಾಡಿಕೊಳ್ಳುತ್ತಾರೆಂದು ಹೆದರಿದ್ದೆ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಿನಗೆ ಹಾಡಲು ಬರುತ್ತದೆಯಾ? ಹಾಗಾದರೆ ಒಂಬತ್ತು ವರ್ಷ ನನ್ನ ಹಾಡನ್ನು ಯಾಕೆ ಸುಮ್ಮನೆ ಕೇಳುತ್ತ ಕುಳಿತಿದ್ದೆ?" ಎಂದು ಹಿಂದಿಯಲ್ಲಿ ಬೈದರು.

ಶನಿವಾರ ನನಗಿಂತ ಮೊದಲು ಒಬ್ಬರು ಮೋಚಾ, ಅಂದರೆ ಬಾಳೆ ಹೂವು, ಬಿಡಿಸುವುದನ್ನು ತೋರಿಸಿದರು. ಸ್ಕೂಟರಿನ ತಾಯಿ ಸ್ಪಾರ್ಕ್ ಪ್ಲಗ್ ತಂದಿದ್ದಳು. ನನ್ನ ಸರದಿ ಬಂತು. ಯಾರೂ ನಾಲ್ಕು ಸಲ ಕೇಳಲಿಲ್ಲ, ಒಂದೇ ಸಲ ಕರೆದರು, ಹೋಗಿ ಹಾಡಿದೆ. ಎರಡು ಕಡೆ ಉಸಿರು ತಪ್ಪಿತು, ಅದು ನನಗೊಬ್ಬಳಿಗೇ ಗೊತ್ತು. ಮುಗಿದಾಗ ಮಕ್ಕಳು ಬೆಂಚು ಬಡಿದರು.

"ನೀವು ಎಷ್ಟು ಚೆನ್ನಾಗಿ ಹಾಡ್ತೀರಿ!" ಎಂದರು ಮಿಸ್.

ನನ್ನ ಕತ್ತು ಅದರ ಪಾಡಿಗೆ ಅದು ಓರೆಯಾಗತೊಡಗಿತು. ಅಯ್ಯೋ ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಮಗಳು ಕಂಡಳು. ಕಣ್ಣು ಕಿರಿದು ಮಾಡಿಕೊಂಡು, ರಬ್ಬರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು.

ಕತ್ತು ನೆಟ್ಟಗೆ ಮಾಡಿಕೊಂಡೆ.

"ಹೌದು ಮಿಸ್, ನನಗೆ ಹಾಡಲು ಬರುತ್ತದೆ" ಎಂದೆ.

ಮಗಳು ರಬ್ಬರನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.